ಬಡ್ಡಿಯ ಲೆಕ್ಕ

ಅರ್ಥಶಾಸ್ತ್ರವೆಂದೊಡನೆ ಕಾರ್ಖಾನೆ, ಬ್ಯಾಂಕು, ಆಯವ್ಯಯ ಪತ್ರಗಳು ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಜನ ಏಕೆ ಹೀಗೆ ನಡೆದುಕೊಳ್ಳುತ್ತಾರೆ, ಒಳ್ಳೆಯ ಉದ್ದೇಶದ ಕಾನೂನೊಂದು ಏಕೆ ತಲೆಕೆಳಗಾಗುತ್ತದೆ ಎಂಬುದನ್ನೂ ಆ ಶಾಸ್ತ್ರ ವಿಚಾರಿಸುತ್ತದೆ. ಜೀವಮಾನವೆಲ್ಲ ಕನ್ನಡ ಕಲಿಸಿದ ನಾನು ಈ ವಿಚಾರಕ್ಕೆ ಬಂದದ್ದು ನನ್ನ ತಾಯಿಯ ಬೆಳ್ಳಿಯ ಕಡಗದ ಮೂಲಕ.

ನಮ್ಮ ಊರು ಹುಮನಾಬಾದ ತಾಲೂಕಿನ ಘಾಟಬೋರಾಳ. ಮಳೆಯನ್ನೇ ನಂಬಿದ ಬೇಸಾಯ. ಹೆಸರು, ಉದ್ದು, ತೊಗರಿ, ಜೋಳ. ಬಿತ್ತನೆಗೆ ಹಣ ಬೇಕಾಗುವುದು ಮೃಗಶಿರಾ ಮಳೆಗೆ; ತೊಗರಿ ರಾಶಿಯಾಗಿ ಹಣ ಕೈಸೇರುವುದು ಸಂಕ್ರಾಂತಿಯ ಸುಮಾರಿಗೆ. ನಡುವಿನ ಏಳು ತಿಂಗಳು ಸಾವುಕಾರನ ರಾಜ್ಯ. ಕಾಳು ಒಯ್ದರೆ ಸವಾಯಿ, ಎಂದರೆ ಒಂದು ಚೀಲಕ್ಕೆ ಒಂದೂಕಾಲು ಚೀಲ. ರೊಕ್ಕ ಒಯ್ದರೆ ತಿಂಗಳಿಗೆ ನೂರಕ್ಕೆ ಮೂರು. 1976ರಲ್ಲಿ ದೇವರಾಜ ಅರಸರ ಸರಕಾರ ಋಣ ಪರಿಹಾರ ಶಾಸನವನ್ನು ತಂದಾಗ ನಾನು ಹೈಸ್ಕೂಲಿನ ಹುಡುಗ. ಬಡವರ ಸಾಲ ತೀರಿತೆಂದಾಯಿತು, ಒತ್ತೆಯ ಒಡವೆ ಮರಳಬೇಕೆಂದಾಯಿತು. ಅವ್ವನ ಕಡಗ ಮನೆಗೆ ಬಂದ ದಿನ ನಮ್ಮಲ್ಲಿ ಹೋಳಿಗೆ ಊಟ. ಮುಂದಿನ ಮುಂಗಾರಿಗೆ ಅದೇ ಕಡಗ ಹಿಡಿದು ಆಕೆ ಹೊರಟರೆ ಊರಿನಲ್ಲಿ ಯಾರೂ ಕೊಡಲೊಪ್ಪಲಿಲ್ಲ. ಕೊನೆಗೆ ಬೇರೆ ಊರಿನವರೊಬ್ಬರು, ಕಾಗದ ಪತ್ರವಿಲ್ಲದೆ, ನೂರಕ್ಕೆ ಐದರಂತೆ ಕೊಟ್ಟರು. ಕಡಗ ಮತ್ತೆ ಬರಲಿಲ್ಲ.

ಸಾವುಕಾರನನ್ನು ನಮ್ಮ ಕಥೆ, ನಾಟಕಗಳು ಬೇಕಾದಷ್ಟು ಬೈದಿವೆ, ತಪ್ಪೇನೂ ಅಲ್ಲ. ಆದರೂ ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಒಬ್ಬನು ಹತ್ತು ಜನಕ್ಕೆ ನೂರು ನೂರು ರೂಪಾಯಿ ಕೊಟ್ಟು, ವರ್ಷಕ್ಕೆ ನೂರಕ್ಕೆ 12ರಂತೆ 1,120 ರೂಪಾಯಿ ಮರಳಿ ಬಯಸುತ್ತಾನೆ. ಹತ್ತರಲ್ಲಿ ಒಬ್ಬ ಕೈಯೆತ್ತಿದನೆಂದರೆ ಉಳಿದ ಒಂಬತ್ತು ಜನ ತಲಾ 124 ರೂಪಾಯಿಗೂ ಹೆಚ್ಚು ತೆರಬೇಕು. ಒಬ್ಬನ ದೆಸೆಯಿಂದ ಬಡ್ಡಿ ಇಮ್ಮಡಿಯಾಯಿತು! ಆ ಒಬ್ಬ ಯಾರೆಂಬುದು ಮೊದಲೇ ತಿಳಿಯದಿರುವುದೇ ಇಲ್ಲಿನ ತೊಡಕು. ಬಡ್ಡಿ ಏರಿಸಿದರೆ ತೀರಿಸುವ ಮನಸ್ಸುಳ್ಳವನು ಹಿಂಜರಿಯುತ್ತಾನೆ. ತೀರಿಸುವ ಯೋಚನೆಯೇ ಇಲ್ಲದವನಿಗೆ ಎಷ್ಟಾದರೇನು?

ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಮೋಟಾರುಗಳ ಮಾರಾಟವನ್ನು ಕುರಿತು ಬರೆದ ಲೇಖನದಲ್ಲಿ ಭಾರತದ ಹಳ್ಳಿಯ ಸಾವುಕಾರನೂ ಬರುತ್ತಾನೆ. ಹೊರಗಿನಿಂದ ಬಂದವನು ಕಡಿಮೆ ಬಡ್ಡಿಗೆ ಸಾಲ ಕೊಡಲು ಕೂತರೆ ಅವನ ಬಾಗಿಲಿಗೆ ಬರುವವರು ತೀರಿಸಲಾರದವರೇ. ಊರಿನವನಿಗಾದರೋ ಯಾರ ಮನೆಯ ಒಲೆ ಹೇಗೆ ಉರಿಯುತ್ತದೆಂಬುದು ಗೊತ್ತು. ಸಾವುಕಾರನ ನಿಜವಾದ ಬಂಡವಾಳ ಈ ತಿಳಿವಳಿಕೆ. ಬಲ್ಲವನು ಊರಿಗೆ ಒಬ್ಬನೇ ಆದಾಗ ಅವನು ಹೇಳಿದ್ದೇ ಬೆಲೆ. 1976ರ ಶಾಸನ ಹಳೆಯ ಸಾಲವನ್ನು ಅಳಿಸಬಲ್ಲದಾಗಿತ್ತು. ಆ ತಿಳಿವಳಿಕೆಯನ್ನು ಇನ್ನೊಬ್ಬರ ಕೈಗೆ ಕೊಡುವ ಶಕ್ತಿ ಅದಕ್ಕಿರಲಿಲ್ಲ.

ನೆರೆಹೊರೆಯ ತಿಳಿವಳಿಕೆಯನ್ನೇ ಜಾಮೀನಾಗಿಸುವ ಉಪಾಯ ಜರ್ಮನಿಯ ರೈಫೈಸನ್ ಕಾಲದಿಂದ ಇದೆ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿಯೇ ಸಹಕಾರ ಸಂಘ ಕಟ್ಟಿದರು. ಆದರೆ 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಹೊತ್ತಿಗೆ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರು ಮಾತ್ರ. ಲೇವಾದೇವಿಯವರದು ಸುಮಾರು ಎಪ್ಪತ್ತು. ಮುಂದೆ ಸರಕಾರದ ಹಣ ಹರಿದು ಸಂಘಗಳು ಬೆಳೆದವು ನಿಜ. ಆದರೆ ಸಂಘ ದೊಡ್ಡದಾದಂತೆ ಒಬ್ಬರ ಬಾಕಿ ಇನ್ನೊಬ್ಬರ ಚಿಂತೆಯಾಗಿ ಉಳಿಯಲಿಲ್ಲ.

ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ರಾಜ್ಯದಲ್ಲಿ ಹತ್ತಿಪ್ಪತ್ತು ಜನರ ಚಿಕ್ಕ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕುಗಳಿಗೆ ಜೋಡಿಸಿತು. ಬೀದರ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕು ಈ ಕೆಲಸದಲ್ಲಿ ಹೆಸರು ಮಾಡಿತು. ಹೆಂಗಸರು ಮೊದಲು ತಾವೇ ಉಳಿಸಿ, ತಮ್ಮೊಳಗೇ ಸಾಲ ಕೊಟ್ಟು ವಸೂಲಿ ಮಾಡಿ, ಆಮೇಲೆ ಬ್ಯಾಂಕಿನ ಮೆಟ್ಟಿಲೇರಬೇಕು. ಯಾರ ಎಮ್ಮೆ ಹಾಲು ಕೊಡುತ್ತಿದೆ, ಯಾರ ಗಂಡ ಸಂತೆಯಿಂದ ನೆಟ್ಟಗೆ ಮನೆಗೆ ಬರುವುದಿಲ್ಲ ಎಂಬುದು ನೆರೆಮನೆಯವಳಿಗೆ ತಿಳಿದಷ್ಟು ಯಾವ ಮ್ಯಾನೇಜರಿಗೆ ತಿಳಿದೀತು?

ಆದರೆ ಮಳೆ ಕೈಕೊಟ್ಟರೆ ಎಲ್ಲರಿಗೂ ಒಂದೇ ಸಲ ಕೈಕೊಡುತ್ತದೆ. ಇಪ್ಪತ್ತು ಜನರೂ ಮುಳುಗುವಾಗ ಯಾರು ಯಾರಿಗೆ ಜಾಮೀನು? ಮುಂದೆ ಬಂದ ಖಾಸಗಿ ಸಾಲದ ಕಂಪನಿಗಳು ಗುಂಪನ್ನು ಉಳಿಸಿಕೊಂಡು ಉಳಿತಾಯವನ್ನು ಬಿಟ್ಟವು. ಗೆಳತಿಯರ ಹೊಣೆಗಾರಿಕೆ ಗೆಳತಿಯ ಮನೆ ಮುಂದೆ ಕೂತು ಮಾನ ಕಳೆಯುವ ಸಾಧನವಾಯಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆ ಹೊರಡಿಸಿ, ಬಲಾತ್ಕಾರದ ವಸೂಲಿಗೆ 10 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತು. ಬೇಕಾಗಿದ್ದ ಕಾನೂನೇ.

ಆ ವರ್ಷ ಊರಿಗೆ ಹೋದಾಗ ಸಂಘದ ಹೆಣ್ಣುಮಗಳೊಬ್ಬಳನ್ನು ಈ ಬಗ್ಗೆ ಕೇಳಿದೆ. “ಕಾನೂನ ಬಂದದ್ದು ಖರೆ ಅದ ಕಾಕಾ, ಮಿರಗಕ್ಕ ರೊಕ್ಕ ಯಾರು ಕೊಡ್ತಾರ ಹೇಳ್ರಿ?” ಎಂದಳು. ಸಂಘದಿಂದ ದೊರೆತದ್ದು ಬೀಜಕ್ಕೆ ಸಾಕಾಗಿತ್ತು. ಗೊಬ್ಬರಕ್ಕಾಗಿ ಆಕೆ ಮರುದಿನ ಹುಮನಾಬಾದದ ಅಡತಿ ಅಂಗಡಿಗೆ ಹೋಗುವವಳಿದ್ದಳು.