ಒಡಲೊಳಗಿನ ತೂಬು

ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ, ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಮಲಪ್ರಭೆಯನ್ನು ತಡೆದು ನಿಲ್ಲಿಸಿರುವ ಅಣೆಕಟ್ಟನ್ನು ನಮ್ಮ ಸೀಮೆಯವರಲ್ಲಿ ಅನೇಕರು ಕಂಡಿದ್ದಾರೆ. ಅಲ್ಲಿಂದ ಹೊರಟ ಕಾಲುವೆಯ ನೀರು ರೈತನ ಹೊಲವನ್ನು ಸೇರಬೇಕಾದರೆ ಕಾಲುವೆಯ ದಂಡೆಯಲ್ಲಿರುವ ತೂಬನ್ನು ತೆರೆಯಬೇಕು. ತೂಬು ಮುಚ್ಚಿದ್ದರೆ ಕಾಲುವೆ ತುಂಬಿ ಹರಿದರೂ ಪಕ್ಕದ ಹೊಲ ಬಾಯಿ ಬಿಟ್ಟುಕೊಂಡೇ ಇರುತ್ತದೆ. ನೀರು ಮುಂದೆ ಸಾಗಿ ಯಾವುದೋ ಹಳ್ಳವನ್ನು ಸೇರಿ ವ್ಯರ್ಥವಾಗುತ್ತದೆ. ಮನುಷ್ಯನ ಒಡಲಿನಲ್ಲಿಯೂ ಇಂತಹದೇ ಒಂದು ಏರ್ಪಾಡು ಇದೆಯೆಂಬುದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ನನ್ನ ಒಬ್ಬ ವಿದ್ಯಾರ್ಥಿನಿಯಿಂದ ಕಲಿತದ್ದೇ ಹೆಚ್ಚು.

ಮಾಸ್ತರಿಕೆಗೆ ಸೇರಿದ ಹೊಸತರಲ್ಲಿ, ಅಂದರೆ ಸುಮಾರು ನಲವತ್ತು ವರ್ಷಗಳ ಹಿಂದೆ, ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಎಂಟನೆಯ ತರಗತಿಯ ಒಬ್ಬ ಹುಡುಗಿ ಯಾವಾಗಲೂ ನೀರಿನ ಹರವಿಯ ಪಕ್ಕದಲ್ಲಿಯೇ ಕುಳಿತುಕೊಳ್ಳುತ್ತಿದ್ದಳು. ಒಂದು ಪಾಠ ಮುಗಿಯುವುದರೊಳಗೆ ಎರಡು ಸಲ ಎದ್ದು ನೀರು ಕುಡಿಯುವಳು. ಎರಡು ಸಲ "ಹೊರಗ ಹೋಗಿ ಬರ್ತೇನ್ರಿ ಸರ್" ಎಂದು ಅಪ್ಪಣೆ ಬೇಡುವಳು. ಮಕ್ಕಳು ನಗುತ್ತಿದ್ದರು. ಪಾಠ ತಪ್ಪಿಸಿಕೊಳ್ಳುವ ಉಪಾಯವಿದೆಂದು ಬಗೆದು ನಾನು ಒಂದು ದಿನ ಅವಳನ್ನು ಗದರಿಸಿ, ಹರವಿಯಿಂದ ದೂರದ ಮೂಲೆಯಲ್ಲಿ ಕೂಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವಳ ತುಟಿ ಒಣಗಿ, ಕಣ್ಣು ಗುಳಿಬಿದ್ದು, ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಮರುದಿನ ಅವಳ ತಾಯಿ ಬಂದು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಮಾಸ್ತರ್ರೀ, ಇಕೀ ರಾತ್ರಿ ಒಂದ ಕೊಡ ನೀರು ಕುಡೀತಾಳ್ರೀ. ಕೊಡಾ ಒಳಗಿಟ್ಟು ಕೀಲಿ ಹಾಕಿದ್ರ, ದನಕ್ಕಿಟ್ಟ ಬಾನ್ಯಾಗಿನ ನೀರು ಕುಡದಾಳ್ರೀ."

ಆ ಹುಡುಗಿಗೆ ಬಂದಿದ್ದ ಬೇನೆ ಯಾವುದು? ಅದನ್ನು ಅರಿಯಬೇಕಾದರೆ ಮೂತ್ರಪಿಂಡಗಳ ಕೆಲಸವನ್ನು ಕೊಂಚ ತಿಳಿಯಬೇಕು. ವಯಸ್ಕ ಮನುಷ್ಯನ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ದೇಹದಲ್ಲಿರುವ ರಕ್ತವೇ ಸುಮಾರು ಐದು ಲೀಟರು. ಅಂದಮೇಲೆ ಅದೇ ದ್ರವವು ಮತ್ತೆ ಮತ್ತೆ ಸೋಸಲ್ಪಡುತ್ತದೆ, ಮತ್ತೆ ಮತ್ತೆ ರಕ್ತಕ್ಕೆ ಮರಳುತ್ತದೆ ಎಂದಾಯಿತು. ಕೊನೆಗೆ ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರಿನಷ್ಟು ಮಾತ್ರ. ಸೋಸಿದ ನೀರಿನ ಹತ್ತರಲ್ಲಿ ಒಂಬತ್ತು ಪಾಲು ಯಾರ ಅಪ್ಪಣೆಗೂ ಕಾಯದೆ ತಾನಾಗಿಯೇ ದೇಹಕ್ಕೆ ಹಿಂದಿರುಗುತ್ತದೆ. ಉಳಿದ ಒಂದು ಪಾಲು ಸೂಕ್ಷ್ಮವಾದ ನಳಿಕೆಗಳ ಕೊನೆಯ ಭಾಗವನ್ನು ಸೇರಿದಾಗ ಮಾತ್ರ ಅಪ್ಪಣೆ ಬೇಕಾಗುತ್ತದೆ. ಆ ನಳಿಕೆಗಳ ಗೋಡೆಯಲ್ಲಿ ನೀರು ಹಾಯುವ ಅತಿಸೂಕ್ಷ್ಮ ದ್ವಾರಗಳಿವೆ. ಇವೇ ನಮ್ಮ ಒಡಲೊಳಗಿನ ತೂಬುಗಳು. ಜೀವಕೋಶಗಳ ಪೊರೆಯಲ್ಲಿ ನೀರಿಗೆಂದೇ ಇಂತಹ ದ್ವಾರಗಳಿವೆಯೆಂದು 1992ರಲ್ಲಿ ತೋರಿಸಿಕೊಟ್ಟ ಅಮೆರಿಕದ ಪೀಟರ್ ಆಗ್ರೆ ಎಂಬ ವಿಜ್ಞಾನಿ 2003ರ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು.

ತೂಬು ತೆರೆಯುವ ಅಪ್ಪಣೆ ಹೊರಡುವುದು ಮೆದುಳಿನಿಂದ. ಹೈಪೊಥಾಲಮಸ್ ಎಂಬ ಭಾಗದಲ್ಲಿ ತಯಾರಾಗಿ, ಅದರ ಕೆಳಗೆ ತೂಗುವ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಲ್ಲಿ ಸಂಗ್ರಹವಾಗುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನೇ ಆ ಅಪ್ಪಣೆ. ವೈಶಾಖದ ಬಿಸಿಲಿನಲ್ಲಿ ರಾಮದುರ್ಗದ ರೈತನು ಹೊಲದಲ್ಲಿ ದುಡಿದು ಬೆವರು ಸುರಿಸಿದಾಗ ಅವನ ರಕ್ತದಲ್ಲಿ ಲವಣದ ಸಾಂದ್ರತೆ ತುಸು ಏರುತ್ತದೆ. ಮೆದುಳು ಅದನ್ನು ಒಡನೆಯೇ ಗುರುತಿಸಿ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ; ತೂಬುಗಳು ತೆರೆದು ನೀರು ದೇಹಕ್ಕೆ ಮರಳುತ್ತದೆ; ಮೂತ್ರವು ಕಡಿಮೆಯಾಗಿ, ಹಳದಿಯೇರಿ ಗಟ್ಟಿಯಾಗುತ್ತದೆ. ಅದೇ ರೈತನು ಮರದ ನೆರಳಿಗೆ ಬಂದು ಎರಡು ತಂಬಿಗೆ ಮಜ್ಜಿಗೆ ಕುಡಿದನೆಂದರೆ ಅಪ್ಪಣೆ ಹಿಂದೆ ಸರಿಯುತ್ತದೆ.

ಈ ಅಪ್ಪಣೆಯೇ ಹೊರಡದಿದ್ದರೆ? ಪಿಟ್ಯುಟರಿಯ ಸಮೀಪದಲ್ಲಿ ಗೆಡ್ಡೆಯೋ ಪೆಟ್ಟೋ ಉರಿಯೂತವೋ ಉಂಟಾದಾಗ, ಕೆಲವೊಮ್ಮೆ ಕಾರಣವೇ ತಿಳಿಯದೆ, ಹಾರ್ಮೋನು ನಿಂತುಹೋಗುವುದುಂಟು. ಆಗ ದಿನಕ್ಕೆ ಹತ್ತು ಹದಿನೈದು ಲೀಟರು ಮೂತ್ರ ಹೋಗಬಹುದು. ಹೋದಷ್ಟನ್ನು ಕುಡಿದು ತುಂಬಿಸಿಕೊಳ್ಳದಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಅಪಾಯ. ನಾನು ಮೂಲೆಯಲ್ಲಿ ಕೂಡಿಸಿದ ಹುಡುಗಿಯ ಅಂದಿನ ಸ್ಥಿತಿ ಅದಾಗಿತ್ತು.

ಮೊದಲು ನೋಡಿದ ವೈದ್ಯರು ಸಕ್ಕರೆಯ ಕಾಯಿಲೆಯಿರಬಹುದೆಂದು ಸಂದೇಹಪಟ್ಟರು. ಮೂತ್ರದಲ್ಲಿ ಸಕ್ಕರೆಯ ಅಂಶವಿರಲಿಲ್ಲ. ಕಾಯಿಲೆಯೇ ಇಲ್ಲವೆಂದು ಮನೆಯವರು ಸಮಾಧಾನಪಟ್ಟುಕೊಂಡರು. ಇದು ಬಹುಕಾಲದಿಂದ ಬಂದ ಗೊಂದಲ. ಗ್ರೀಕರು ಬಹುಮೂತ್ರಕ್ಕೆಲ್ಲ 'ಡಯಾಬಿಟಿಸ್' ಎಂಬ ಒಂದೇ ಹೆಸರನ್ನಿಟ್ಟಿದ್ದರು. ಸಿಹಿಯಾದ ಮೂತ್ರದ ರೋಗ ಬೇರೆ, ಸಪ್ಪೆಯಾದ ಮೂತ್ರದ ರೋಗ ಬೇರೆ ಎಂದು ಯುರೋಪಿನಲ್ಲಿ ಸ್ಪಷ್ಟವಾಗಿ ವಿಂಗಡಿಸಿದ್ದು ಹದಿನೆಂಟನೆಯ ಶತಮಾನದಲ್ಲಿ. ಎರಡನೆಯದಕ್ಕೆ 'ಡಯಾಬಿಟಿಸ್ ಇನ್ಸಿಪಿಡಸ್' ಎಂದು ಹೆಸರಾಯಿತು. ನಮ್ಮ ಆಯುರ್ವೇದ ಗ್ರಂಥಗಳಾದರೋ ಬಹು ಹಿಂದೆಯೇ ಇಪ್ಪತ್ತು ಬಗೆಯ ಪ್ರಮೇಹಗಳನ್ನು ಎಣಿಸುವಾಗ, ಜೇನಿನಂತಹ ಮೂತ್ರದ ಮಧುಮೇಹವನ್ನೂ ನೀರಿನಂತಹ ಮೂತ್ರದ ಉದಕಮೇಹವನ್ನೂ ಬೇರೆಬೇರೆಯಾಗಿ ಹೇಳಿದ್ದವು. ಹೆಸರಿನ ಗೊಂದಲದಿಂದಾಗಿ ಆಸ್ಪತ್ರೆಗಳಲ್ಲಿಯೂ ಇಂತಹ ರೋಗಿಗಳಿಗೆ ಔಷಧ ತಪ್ಪಿ ಪ್ರಾಣಹಾನಿಯಾದ ಪ್ರಸಂಗಗಳಿವೆ. ಆದಕಾರಣವೇ 2022ರಲ್ಲಿ ಹಲವು ದೇಶಗಳ ತಜ್ಞರು ಈ ರೋಗಕ್ಕೆ 'ಆರ್ಜಿನೀನ್ ವ್ಯಾಸೊಪ್ರೆಸಿನ್ ಕೊರತೆ' ಎಂಬ ಹೊಸ ಹೆಸರನ್ನು ಸೂಚಿಸಿದರು. ನಾಲಗೆಗೆ ಕಠಿಣವಾದ ಹೆಸರು. ಆದರೂ ಸಕ್ಕರೆಯ ಸುಳಿವೇ ಇಲ್ಲದ ಹೆಸರು.

ಹುಡುಗಿಯನ್ನು ಹುಬ್ಬಳ್ಳಿಗೆ ಕರೆದೊಯ್ದೆವು. ಅಲ್ಲಿಯ ವೈದ್ಯರು ತಮ್ಮ ಕಣ್ಣೆದುರಿಗೇ ಕೆಲವು ಗಂಟೆಗಳ ಕಾಲ ನೀರು ಕೊಡದೆ, ಗಂಟೆಗೊಮ್ಮೆ ತೂಕವನ್ನೂ ಮೂತ್ರದ ಸಾಂದ್ರತೆಯನ್ನೂ ಪರೀಕ್ಷಿಸಿದರು. ಆರೋಗ್ಯವಂತರಲ್ಲಾದರೆ ಮೂತ್ರ ಗಟ್ಟಿಯಾಗಬೇಕಿತ್ತು. ಇವಳದು ನೀರಿನಂತೆಯೇ ಉಳಿಯಿತು. ಬಳಿಕ ಮೂಗಿನಲ್ಲಿ ಒಂದು ಔಷಧದ ಹನಿ ಬಿಟ್ಟರು. ಅಂದು ರಾತ್ರಿ ಅವಳು ಒಮ್ಮೆಯೂ ಏಳದೆ ಬೆಳಗಿನವರೆಗೆ ನಿದ್ರೆ ಮಾಡಿದಳು. ಅವಳ ತಾಯಿ ಮಾತ್ರ, ಮಗಳು ಏಕೆ ಏಳಲಿಲ್ಲವೆಂಬ ಭಯದಿಂದ ರಾತ್ರಿಯೆಲ್ಲ ಎಚ್ಚರವಿದ್ದಳು.

ಆ ಔಷಧದ ಹೆಸರು ಡೆಸ್ಮೊಪ್ರೆಸಿನ್. ಅದು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಪಿಟ್ಯುಟರಿಯ ಸಾರವು ರಕ್ತದ ಒತ್ತಡವನ್ನು ಏರಿಸುತ್ತದೆಂದು 1895ರಲ್ಲಿಯೇ ಲಂಡನ್ನಿನಲ್ಲಿ ಕಂಡುಕೊಂಡಿದ್ದರು. ರಕ್ತನಾಳಗಳನ್ನು ಬಿಗಿಗೊಳಿಸುವಂಥದು ಎಂಬ ಅರ್ಥದ 'ವ್ಯಾಸೊಪ್ರೆಸಿನ್' ಎಂಬ ಹೆಸರಿನ ಮೂಲ ಅದು. ಅದೇ ಸಾರವು ಬಹುಮೂತ್ರವನ್ನು ತಡೆಯುತ್ತದೆಂದು 1913ರಲ್ಲಿ ಇಟಲಿ ಮತ್ತು ಜರ್ಮನಿಗಳ ವೈದ್ಯರು ಬೇರೆಬೇರೆಯಾಗಿ ಕಂಡರು. ಮುಂದೆ ಅನೇಕ ದಶಕಗಳ ಕಾಲ ಪ್ರಾಣಿಗಳ ಗ್ರಂಥಿಯನ್ನು ಒಣಗಿಸಿ ಪುಡಿಮಾಡಿ, ನಮ್ಮ ಹಿರಿಯರು ನಶ್ಯ ಏರಿಸುವಂತೆ, ರೋಗಿಗಳು ಮೂಗಿಗೆ ಏರಿಸುತ್ತಿದ್ದರು. ಅದರಿಂದ ಮೂಗು ಕೆರಳುತ್ತಿತ್ತು, ಸೀನು ಬರುತ್ತಿತ್ತು. ಎಣ್ಣೆಯಲ್ಲಿ ಬೆರೆಸಿದ ಚುಚ್ಚುಮದ್ದೂ ಇತ್ತು. ಅದರ ನೋವು ಬೇರೆ. ಅಮೆರಿಕದ ವಿನ್ಸೆಂಟ್ ಡು ವಿಗ್ನೊ ಎಂಬ ರಸಾಯನಶಾಸ್ತ್ರಜ್ಞರು ಈ ಹಾರ್ಮೋನು ಕೇವಲ ಒಂಬತ್ತು ಅಮೈನೋ ಆಮ್ಲಗಳ ಸರಪಳಿಯೆಂದು ತೋರಿಸಿ, ಪ್ರಯೋಗಶಾಲೆಯಲ್ಲಿಯೇ ಅದನ್ನು ಕಟ್ಟಿದರು. ಅವರಿಗೆ 1955ರ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ಸಹಜ ಹಾರ್ಮೋನಿನಲ್ಲಿ ಔಷಧದ ದೃಷ್ಟಿಯಿಂದ ಎರಡು ಕೊರತೆಗಳಿದ್ದವು. ರಕ್ತದಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಛಿದ್ರವಾಗುತ್ತದೆ. ಮೇಲಾಗಿ ನೀರಿನ ತೂಬನ್ನು ತೆರೆಯುವುದರ ಜೊತೆಗೆ ರಕ್ತನಾಳಗಳನ್ನೂ ಬಿಗಿಯುತ್ತದೆ. 1967ರಲ್ಲಿ ಪ್ರಾಗ್ ನಗರದ ಮಿಲಾನ್ ಜಾವೋರಲ್ ಮತ್ತು ಅವರ ಸಂಗಡಿಗರು ಆ ಸರಪಳಿಯಲ್ಲಿ ಎರಡೇ ಬದಲಾವಣೆಗಳನ್ನು ಮಾಡಿದರು. ಮೊದಲನೆಯ ಕೊಂಡಿಯಿಂದ ಒಂದು ಅಮೈನೋ ಗುಂಪನ್ನು ತೆಗೆದುಹಾಕಿದರು. ಎಂಟನೆಯ ಕೊಂಡಿಯಾದ ಆರ್ಜಿನೀನಿನ ಜಾಗದಲ್ಲಿ ಅದರದೇ ಕನ್ನಡಿಯ ಪ್ರತಿಬಿಂಬವನ್ನು ಕೂಡಿಸಿದರು. ಎಡಗೈಗೆ ಬಲಗೈಯ ಕೈಚೀಲ ಒಪ್ಪದಿರುವಂತೆ, ಸರಪಳಿಯನ್ನು ಕತ್ತರಿಸುವ ಕಿಣ್ವಗಳಿಗೆ ಈ ಪ್ರತಿಬಿಂಬದ ಕೊಂಡಿ ಸುಲಭವಾಗಿ ಒಗ್ಗುವುದಿಲ್ಲ. ರಕ್ತನಾಳಗಳನ್ನು ಬಿಗಿಯುವ ಗುಣ ಬಹುಮಟ್ಟಿಗೆ ಅಳಿಯಿತು. ನೀರನ್ನು ಉಳಿಸುವ ಗುಣ ಹಲವು ಗಂಟೆಗಳವರೆಗೆ ಉಳಿಯಿತು. ಇದರ ಮಾತ್ರೆಯಲ್ಲಿರುವ ಔಷಧದ ತೂಕ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಹೊಟ್ಟೆಯಲ್ಲಿ ಬಹುಪಾಲು ಜೀರ್ಣವಾಗಿಹೋಗುವುದರಿಂದ ಇಷ್ಟಾದರೂ ಬೇಕು, ಮೂಗಿನ ಹನಿಯಲ್ಲಿ ಇನ್ನೂ ಕಡಿಮೆ ಸಾಕು.

ನಮ್ಮ ಹುಡುಗಿಗೆ ದೊರೆತದ್ದು ಹನಿಯ ಔಷಧ. ತೆಳುವಾದ ಪ್ಲಾಸ್ಟಿಕ್ ನಳಿಕೆಯಲ್ಲಿ ಅಳತೆಯ ಹನಿಯನ್ನು ತುಂಬಿ, ಒಂದು ತುದಿಯನ್ನು ಮೂಗಿನಲ್ಲಿಟ್ಟು ಇನ್ನೊಂದು ತುದಿಯಿಂದ ತಾನೇ ಬಾಯಲ್ಲಿ ಊದಬೇಕು. ಅದನ್ನು ತಂಪಿನಲ್ಲಿಡಬೇಕಿತ್ತು. ಊರಿನಲ್ಲಿ ತಂಪುಪೆಟ್ಟಿಗೆಯಿದ್ದದ್ದು ದನದ ದವಾಖಾನೆಯಲ್ಲಿ ಮಾತ್ರ. ಎತ್ತುಗಳ ಲಸಿಕೆಯ ಪಕ್ಕದಲ್ಲಿ ಅವಳ ಸೀಸೆಯೂ ಇತ್ತು. ದಿನವೂ ಸಂಜೆ ಅವಳು ಅಲ್ಲಿಗೆ ಹೋಗಿ ಊದಿಕೊಂಡು ಬರುತ್ತಿದ್ದಳು. ಮೂತ್ರಪಿಂಡವೇ ಅಪ್ಪಣೆಯನ್ನು ಕೇಳದಂತಾಗುವ ಇನ್ನೊಂದು ಬಗೆಯ ರೋಗವುಂಟು. ಅದಕ್ಕೆ ಈ ಔಷಧ ಹೆಚ್ಚು ಉಪಯೋಗಕ್ಕೆ ಬಾರದು. ಅವಳದು ಆ ಬಗೆಯದಲ್ಲದ್ದು ನಮ್ಮ ಪುಣ್ಯ.

ಇದೇ ಔಷಧವು ಇನ್ನೊಂದು ತೊಂದರೆಗೂ ಬಳಕೆಗೆ ಬಂದಿದೆ. ಆ ತೊಂದರೆಯ ವಿಷಯ ಮಾತನಾಡುವುದೇ ಜನರಿಗೆ ನಾಚಿಕೆ: ನಿದ್ರೆಯಲ್ಲಿ ಹಾಸಿಗೆ ಒದ್ದೆಯಾಗುವುದು. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು ಹದಿನೈದು ಮಕ್ಕಳಿಗೆ ಇದು ಇರುತ್ತದೆ; ವರ್ಷ ಕಳೆದಂತೆ ತಾನಾಗಿಯೇ ಕಡಿಮೆಯಾಗುತ್ತದೆ. ಆದರೂ ಹದಿಹರೆಯದವರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಉಳಿದುಕೊಂಡಿರುತ್ತದೆ. ಅಂದರೆ ನಿಮ್ಮ ಶಾಲೆಯಲ್ಲಿಯೂ ಅಂತಹವರು ಇರಬಹುದು, ಯಾರಿಗೂ ಹೇಳದೆ. ತಂದೆತಾಯಿಗಳಲ್ಲಿ ಒಬ್ಬರಿಗೆ ಬಾಲ್ಯದಲ್ಲಿ ಈ ತೊಂದರೆಯಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಗದರಿಸುವ ತಂದೆಯೇ ಎಷ್ಟೋ ಸಲ ಹಿಂದೆ ಅದನ್ನು ಅನುಭವಿಸಿದವನಾಗಿರುತ್ತಾನೆ. ರಾತ್ರಿಯಲ್ಲಿ ವ್ಯಾಸೊಪ್ರೆಸಿನ್ ಸಹಜವಾಗಿ ಹೆಚ್ಚಬೇಕು. ಇಂತಹ ಮಕ್ಕಳಲ್ಲಿ ಅನೇಕರಿಗೆ ಅದು ಹೆಚ್ಚುವುದಿಲ್ಲವೆಂದು 1980ರ ದಶಕದಲ್ಲಿ ಡೆನ್ಮಾರ್ಕಿನ ವೈದ್ಯರು ತೋರಿಸಿದರು. ಕೆಲವರ ಮೂತ್ರಕೋಶ ಚಿಕ್ಕದು. ಮೂತ್ರಕೋಶ ತುಂಬಿದರೂ ಕೆಲವರಿಗೆ ಎಚ್ಚರವಾಗುವುದಿಲ್ಲ. ಇದರಲ್ಲಿ ಸೋಮಾರಿತನದ ಪಾತ್ರವೆಲ್ಲಿ? ನಮ್ಮ ಕಡೆ ಎಳ್ಳುಬೆಲ್ಲ ತಿನ್ನಿಸುವುದು, ತಾಯತ ಕಟ್ಟಿಸುವುದು ರೂಢಿಯಲ್ಲಿದೆ. ಅವುಗಳಿಂದ ಕೇಡಿಲ್ಲ, ಬರೆ ಹಾಕುವುದು, ಒದ್ದೆ ಕೌದಿಯನ್ನು ಹೊರಿಸಿ ಓಣಿಯಲ್ಲಿ ನಿಲ್ಲಿಸುವುದು ಮಾತ್ರ ಕ್ರೌರ್ಯ.

ಒದ್ದೆಯ ಮೊದಲ ಹನಿಗೇ ಗಂಟೆ ಬಾರಿಸಿ ಎಚ್ಚರಿಸುವ ಸಾಧನವೊಂದಿದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೆ ಅದರ ಗುಣವೇ ಹೆಚ್ಚು ಸ್ಥಿರ. ಡೆಸ್ಮೊಪ್ರೆಸಿನ್ ಮಾತ್ರೆಯಾದರೋ ಅಂದಿನ ರಾತ್ರಿಯೇ ಕೆಲಸ ಮಾಡುತ್ತದೆ. ಬಿಟ್ಟರೆ ಅನೇಕರಲ್ಲಿ ತೊಂದರೆ ಮರಳುತ್ತದೆ. ಅದರ ಅಪಾಯವನ್ನೂ ಅರಿತಿರಬೇಕು. ಮಾತ್ರೆಯ ಬಲದಿಂದ ತೂಬು ತೆರೆದೇ ಇರುವಾಗ ನೀರು ಕುಡಿಯುತ್ತ ಹೋದರೆ, ಆ ನೀರು ಹೊರಗೆ ಹೋಗಲು ದಾರಿಯಿಲ್ಲದೆ ರಕ್ತದಲ್ಲಿ ಸೇರಿ, ಅಲ್ಲಿರುವ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿಯಿಂದ ಮೊದಲಾಗಿ ಸೆಳವು, ಮೂರ್ಛೆಗಳವರೆಗೆ ಹೋಗಬಹುದು. ಇದೇ ಕಾರಣಕ್ಕೆ 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಹಾಸಿಗೆ ಒದ್ದೆಯಾಗುವ ತೊಂದರೆಗೆ ಮೂಗಿನ ಔಷಧವನ್ನು ಬಳಸಬಾರದೆಂದು ತಿಳಿಸಿತು. ಮಾತ್ರೆಗೆ ಒಂದು ಗಂಟೆ ಮುಂಚಿನಿಂದ ಎಂಟು ಗಂಟೆಗಳ ನಂತರದವರೆಗೆ ನೀರು ಕುಡಿಯಬಾರದು. ಜ್ವರ, ವಾಂತಿ, ಭೇದಿಗಳಿದ್ದ ದಿನ ಮಾತ್ರೆಯನ್ನೇ ನಿಲ್ಲಿಸಬೇಕು. ವೈದ್ಯರು ಹೇಳದೆ ತೆಗೆದುಕೊಳ್ಳಲೇಬಾರದು.

ಬೈಲಹೊಂಗಲದ ನನ್ನ ನೆರೆಮನೆಯಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗನಿದ್ದ. ಭಾರತ ಹುಣ್ಣಿಮೆಗೆ ಅವನ ಮನೆಯವರೂ ಕಿತ್ತೂರಿನ ಬೀಗರೂ ಕೂಡಿ ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಕಟ್ಟುತ್ತಿದ್ದರು. ರಾತ್ರಿ ಬಯಲಿನಲ್ಲಿ ಬಿಡಾರ, ಸಾಲಾಗಿ ಹಾಸಿದ ಒಂದೇ ಜಮಖಾನೆಯ ಮೇಲೆ ಎಲ್ಲರಿಗೂ ನಿದ್ರೆ. ಪ್ರತಿವರ್ಷವೂ ಆ ಹುಡುಗನಿಗೆ ಅದೇ ದಿನ ಹೊಟ್ಟೆನೋವು ಬರುತ್ತಿತ್ತು. ನಿಜವಾದ ಕಾರಣ ಅವನ ಅಜ್ಜಿಗೆ ಮಾತ್ರ ಗೊತ್ತಿತ್ತು. ಆಕೆಯೇ ಅವನನ್ನು ಬೆಳಗಾವಿಯ ವೈದ್ಯರಲ್ಲಿಗೆ ಕರೆದೊಯ್ದಳು. ಜಾತ್ರೆಗೆ ಮೊದಲೇ ಮನೆಯಲ್ಲಿ ಕೆಲವು ರಾತ್ರಿ ಮಾತ್ರೆ ಕೊಟ್ಟು ನೋಡಿರೆಂದು ಅವರು ಹೇಳಿದರು, ನೋಡಿದರು. ಆ ವರ್ಷ ಹುಡುಗನು ಬಂಡಿಯ ಮುಂದಿನ ಸ್ಥಳದಲ್ಲಿಯೇ ಕುಳಿತ. ಗುಡ್ಡದಲ್ಲಿ ಹೋಳಿಗೆಯ ಊಟವಾಗಿ ಒಂದು ಗಂಟೆ ಕಳೆದ ಮೇಲೆ ಅಜ್ಜಿ ತನ್ನ ಎಲೆಯಡಿಕೆಯ ಸಂಚಿಯಿಂದ ಮಾತ್ರೆ ತೆಗೆದು, ಗುಟುಕು ನೀರಿನೊಡನೆ ಕತ್ತಲೆಯಲ್ಲಿಯೇ ಅವನಿಗೆ ಕೊಟ್ಟಳು. ಆಮೇಲೆ ನೀರಿನ ತಂಬಿಗೆಯನ್ನು ತನ್ನ ತಲೆದಿಂಬಿನ ಪಕ್ಕಕ್ಕೆ ಸರಿಸಿಕೊಂಡು ಮಲಗಿದಳು.