ಕೊಟ್ಟಿಗೆಯ ಪಕ್ಕದ ನೀಲಿ ಉರಿ

ಡಿಸೆಂಬರಿನ ನಸುಕಿನಲ್ಲಿ ಘಟ್ಟದ ಮೇಲಿನ ಅಡಿಕೆ ಸೀಮೆಗೆ ಬಂದವರನ್ನು ಮೊದಲು ಎದುರುಗೊಳ್ಳುವುದು ವಾಸನೆ. ಶಿರಸಿ ಕಡೆಯ ಈ ಮನೆಯ ಅಂಗಳಕ್ಕೆ ಕಾಲಿಡುವಾಗಲೇ ರಾತ್ರಿ ಬೇಯಿಸಿದ ಅಡಿಕೆಯ ಚೊಗರಿನ ಒಗರು, ಬಚ್ಚಲೊಲೆಯ ತೆಳು ಹೊಗೆ, ಗಂಜಲದಲ್ಲಿ ನೆನೆದ ಸೊಪ್ಪು, ಹಸಿ ಸಗಣಿ, ಎಲ್ಲವೂ ಇಬ್ಬನಿಯೊಳಗೆ ಬೆರೆತು ಮೂಗಿಗೆ ಬರುತ್ತವೆ. ಅಡಿಕೆ ಅಟ್ಟದ ಮೇಲೆ ಹೊದೆಸಿದ ತಾಡಪಾಲಿನ ಅಂಚಿನಿಂದ ಹನಿಗಳು ತೊಟತೊಟನೆ ಉದುರುತ್ತಿವೆ. ಕೊಟ್ಟಿಗೆಯ ಕತ್ತಲಲ್ಲಿ ದನವೊಂದು ಕತ್ತು ಕೊಡವಿದಾಗ ಗಂಟೆ ಒಂದೇ ಒಂದು ಸಲ ಸದ್ದು ಮಾಡಿ ಸುಮ್ಮನಾಗುತ್ತದೆ. ಚಪ್ಪಲಿ ಇಲ್ಲೇ ಬಿಡಿ. ನೆಲ ತಣ್ಣಗಿದೆ, ಆದರೆ ಈ ಕೆಲಸ ನೋಡಲು ಬರಿಗಾಲೇ ವಾಸಿ.

ಮನೆಯ ಅಕ್ಕ ಆಗಲೇ ಎದ್ದಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೊಂದು ಹಳೆಯ ಪಂಜಿ ಸುತ್ತಿಕೊಂಡು, ಬುಟ್ಟಿಯಲ್ಲಿ ಸಗಣಿ ಬಾಚುತ್ತಿದ್ದಾರೆ. ಕೊಟ್ಟಿಗೆಯ ಹಿಂಬದಿಗೆ ಮಂಡಿಯೆತ್ತರದ ಸಿಮೆಂಟಿನ ತೊಟ್ಟಿ. ಒಂದು ಬುಟ್ಟಿ ಸಗಣಿ ಬಿತ್ತು, ಅದರ ಮೇಲೆ ಅಷ್ಟೇ ನೀರು. ಆ ನೀರಿನಿಂದ ಹಬೆ ಏಳುತ್ತಿರುವುದನ್ನು ಗಮನಿಸಿ. ಬಚ್ಚಲ ಹಂಡೆಯಿಂದ ಮೊಗೆದು ತಂದ ಬಿಸಿನೀರು ಅದು. “ಚಳಿಗೆ ಗ್ಯಾಸು ಏಳೋದಿಲ್ಲ ನೋಡಿ. ಬೆಚ್ಚಗೆ ಮಾಡಿ ಕೊಟ್ರೆ ಸ್ವಲ್ಪ ಹುಷಾರಾಗ್ತದೆ” ಅನ್ನುತ್ತಾ ಅವರು ಮೊಣಕೈವರೆಗೆ ಕೈ ಇಳಿಸಿ ಕಲೆಸತೊಡಗುತ್ತಾರೆ. ಬೆರಳಿಗೆ ಸಿಕ್ಕ ಹುಲ್ಲಿನ ಕಡ್ಡಿ, ದರಕಿನ ಚೂರು, ಸಣ್ಣ ಕಲ್ಲು ಒಂದೊಂದಾಗಿ ಆಚೆ ಹೋಗುತ್ತವೆ. ಕಡ್ಡಿ ಒಳಗೆ ಹೋದರೆ ಮೇಲೆ ತೇಲಿ ಕೆನೆಗಟ್ಟುತ್ತದೆ, ಗ್ಯಾಸಿಗೆ ದಾರಿ ಬಿಡುವುದಿಲ್ಲ. ಸಗಣಿ ಗಂಟಿಲ್ಲದೆ ಕರಗಿ ನೀರ್ದೋಸೆಯ ಹಿಟ್ಟಿನ ಹದಕ್ಕೆ ಬಂದ ಮೇಲೆ, ತೊಟ್ಟಿಯ ತಳದ ತೂತಿಗೆ ತುರುಕಿದ್ದ ಬಟ್ಟೆಯ ಬಿರಡೆಯನ್ನು ಅಕ್ಕ ಎಳೆಯುತ್ತಾರೆ. ಗುಳುಗುಳು ಗುಳುಗುಳು ಎಂದು ಅದಷ್ಟೂ ಭೂಮಿಯೊಳಕ್ಕೆ ಇಳಿದು ಹೋಗುತ್ತದೆ. ಇವತ್ತು ಇಳಿದದ್ದು ಗೊಬ್ಬರವಾಗಿ ಹೊರಬರಲು ಸುಮಾರು 40 ದಿನ ಬೇಕು.

ನಾವು ನಿಂತ ನೆಲದ ಕೆಳಗೇ ಇದೆ ಗೋಬರ್ ಗ್ಯಾಸಿನ ಗುಮ್ಮಟ. ಇಟ್ಟಿಗೆ, ಸಿಮೆಂಟಿನಲ್ಲಿ ಕಟ್ಟಿ ಮೇಲೆ ಮಣ್ಣು ಮುಚ್ಚಿ ಬಿಟ್ಟಿದ್ದಾರೆ. ಅದರ ಮೇಲೆ ಈಗ ಗರಿಕೆ ಬೆಳೆದಿದೆ, ಕರುವೊಂದು ಮೇಯುತ್ತಿದೆ. ದಿಲ್ಲಿಯ ಅಫ್ಪ್ರೊ ಸಂಸ್ಥೆ 1984ರಲ್ಲಿ ರೂಪಿಸಿದ ದೀನಬಂಧು ಮಾದರಿ ಇದು. ಅದಕ್ಕೂ ಮೊದಲು ಊರೂರಿಗೆ ಬಂದದ್ದು ಖಾದಿ ಗ್ರಾಮೋದ್ಯೋಗ ಆಯೋಗದ ಮಾದರಿ. ಅದರಲ್ಲಿ ಬಾವಿಯ ಮೇಲೆ ದೊಡ್ಡ ಕಬ್ಬಿಣದ ಡ್ರಮ್ಮು ತೇಲುತ್ತಿತ್ತು. ಗ್ಯಾಸು ತುಂಬಿದರೆ ಮೇಲೇರುವುದು, ಉರಿಸಿದರೆ ಇಳಿಯುವುದು. ನೋಡಲು ಚೆಂದವೇ. ಆದರೆ ನಾಲ್ಕು ತಿಂಗಳು ಬಿಡದೆ ಸುರಿಯುವ ಮಲೆನಾಡಿನಲ್ಲಿ ಕಬ್ಬಿಣಕ್ಕೆ ಆಯುಷ್ಯ ಎಲ್ಲಿಯದು? ದೀನಬಂಧುವಿನಲ್ಲಿ ಅಲುಗಾಡುವ ಭಾಗ ಒಂದೂ ಇಲ್ಲ. ಗುಮ್ಮಟದ ನೆತ್ತಿಯಲ್ಲಿ ಗ್ಯಾಸು ಕೂಡಿದಷ್ಟೂ ಅದು ಕೆಳಗಿನ ಬಗ್ಗಡವನ್ನು ಒತ್ತಿ ಆಚೆಬದಿಯ ತೊಟ್ಟಿಗೆ ಏರಿಸುತ್ತದೆ. ಒಲೆ ಹಚ್ಚಿದಾಗ ಏರಿದ ಬಗ್ಗಡ ತನ್ನ ಭಾರಕ್ಕೆ ಹಿಂದಕ್ಕಿಳಿದು ಗ್ಯಾಸನ್ನು ಅಡುಗೆಮನೆಗೆ ನೂಕುತ್ತದೆ. ರಾತ್ರಿಯಿಡೀ ಕೂಡಿದ್ದರಿಂದ ಬೆಳಗಿನ ಉರಿಗೆ ರಭಸ ಹೆಚ್ಚು. ಮನೆಯ ಹೆಂಗಸರಿಗೆ ಇದು ಕೈಯಳತೆಯಲ್ಲೇ ಗೊತ್ತು. ಹೆಚ್ಚು ಉರಿ ಬೇಡುವ ಕೆಲಸವನ್ನೆಲ್ಲ ಅವರು ಬೆಳಿಗ್ಗೆಯೇ ಮುಗಿಸಿಕೊಳ್ಳುತ್ತಾರೆ.

ಅಡುಗೆಮನೆಗೆ ಹೋಗೋಣ. “ಆಸರಿಗೆ ಎಂತ ಕೊಡಲಿ?” ಎಂಬ ಪ್ರಶ್ನೆ ಬಾಗಿಲಲ್ಲೇ ಎದುರಾಗುತ್ತದೆ, ಕಷಾಯ ಅಂದುಬಿಡಿ. ಕೀಲಿ ತಿರುಗಿಸಿ ಕಡ್ಡಿ ಗೀರಿದರೆ ಮೊದಲು ಪುಸ್ ಎಂದು ಒಂದು ಉಸಿರು, ಕೊಳೆತ ಮೊಟ್ಟೆಯ ವಾಸನೆಯ ಒಂದು ಎಳೆ, ಆಮೇಲೆ ಬರ್ನರಿನ ಸುತ್ತ ನೀಲಿ ಉರಿ. ಮಸಿಯಿಲ್ಲ, ಊದುವ ಕೊಳವೆ ಬೇಕಿಲ್ಲ, ಕಣ್ಣು ಒರೆಸಿಕೊಳ್ಳುವ ತಾಪತ್ರಯವಿಲ್ಲ. ಉರಿಯುವ ಈ ಅನಿಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈ ಆಕ್ಸೈಡ್. ಆ ವಾಸನೆಯ ಎಳೆ ಹೈಡ್ರೋಜನ್ ಸಲ್ಫೈಡಿನದು. ಪ್ರಮಾಣದಲ್ಲಿ ಅತ್ಯಲ್ಪ, ಬರ್ನರು ಸವೆಯುವುದಕ್ಕೆ ಮಾತ್ರ ಅದೇ ಸಾಕು. ಕಾವಲಿಯ ಮೇಲೆ ತೆಳ್ಳೇವು ಚುರ್ ಎನ್ನುತ್ತದೆ. ಗೋಡೆಯ ಮೇಲ್ಭಾಗ, ಮಾಡಿನ ಜಂತೆ ಇವತ್ತಿಗೂ ಕಪ್ಪಾಗಿಯೇ ಇವೆ. ಹಿಂದಿನ ತಲೆಮಾರಿನ ಅತ್ತೆ, ಅಜ್ಜಿಯರು ಉಸಿರಾಡಿದ ಹೊಗೆಯ ಲೆಕ್ಕ ಅದು. ಆ ಜಂತೆಗೆ ಯಾರೂ ಸುಣ್ಣ ಬಳಿದಿಲ್ಲ, ನೋಡುವುದಕ್ಕೆ ಸಿಕ್ಕಿತಲ್ಲ ಎಂದು ನನಗೆ ಸಮಾಧಾನ.

ಎರಡು ಘನಮೀಟರಿನ ಪ್ಲಾಂಟಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಹಾಗೆ ಹೊಟ್ಟೆ ತುಂಬ ಉಣಿಸಿದರೆ ನಾಲ್ಕಾರು ಮಂದಿಯ ಅಡುಗೆ ಆಗುತ್ತದೆ. ತಿಂಗಳ ಲೆಕ್ಕ ಹಾಕಿದರೆ ಅದು ಸುಮಾರು 25 ಕಿಲೋ ಅಡುಗೆ ಅನಿಲಕ್ಕೆ ಸಮ, ಅಂದರೆ ಎರಡು ಸಿಲಿಂಡರಿಗೆ ತುಸು ಕಮ್ಮಿ. ಆದರೆ ಇದು ಅಡಿಕೆಯ ಕೊನೆಕೊಯ್ಲಿನ ಕಾಲ. ಮರ ಹತ್ತಿ ಕೊಯ್ಯುವ ಕೊನೆಗೌಡ ಬಂದಿದ್ದಾನೆ, ಹೊರುವವರಿದ್ದಾರೆ, ರಾತ್ರಿ ಅಡಿಕೆ ಸುಲಿಯಲು ಅಕ್ಕಪಕ್ಕದ ಮನೆಗಳಿಂದ ಹತ್ತಾರು ಮಂದಿ ಬರುತ್ತಾರೆ. ಅಷ್ಟು ಜನರ ಅನ್ನದ ಚರಿಗೆ ಈ ನೀಲಿ ಉರಿಗೆ ಎಟುಕುವುದಲ್ಲ. ಅದಕ್ಕೇ ಅಡುಗೆಮನೆಯ ಆಚೆ ಮೂಲೆಯಲ್ಲಿ ಇನ್ನೊಂದು ಒಲೆ ಉಳಿದುಕೊಂಡಿದೆ.

ಮಣ್ಣು ಮೆತ್ತಿ ಸಾರಿಸಿದ, ಮೂರು ಕಣ್ಣಿನ, ಹೊಗೆಕೊಳವೆಯ ಆ ಒಲೆಗೆ ಊರಿನ ಬಾಯಲ್ಲಿ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ ಅಸ್ತ್ರ ಎಂಬ ಘಟಕದಿಂದ ಹೊರಟ ಒಲೆ ಅದು. ಸೌದೆಯ ಬಾಯಿಗೆ ಮುಚ್ಚಳ, ಅಡಿಯಲ್ಲಿ ಜಾಲರಿ. ಗಾಳಿ ಕೆಳಗಿನಿಂದ ಅಳತೆಯಲ್ಲಿ ಬಂದು, ಬೆಂಕಿ ಮೊದಲ ಪಾತ್ರೆಯ ತಳ ಸವರಿ, ಎರಡನೆಯದಕ್ಕೆ, ಮೂರನೆಯದಕ್ಕೆ ಹರಿದು, ಮಿಕ್ಕ ಹೊಗೆ ಮಾಡಿನಾಚೆ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೆಯ ಒಂದು ಪಾಲು ಪಾತ್ರೆಗೆ ಸೇರಿದರೆ ದೊಡ್ಡದು. ಇದರಲ್ಲಿ ಮೂರನೆಯ ಒಂದು ಪಾಲು ಸೇರುತ್ತದೆ. ಬಚ್ಚಲಿನಲ್ಲೂ ಹಂಡೆಯ ಕೆಳಗೆ ಅದೇ ಜಾಣತನ. ಅಲ್ಲಿ ಉರಿಯುವುದು ತೋಟದ ಕಸವೇ: ಅಡಿಕೆ ಸೋಗೆ, ತೆಂಗಿನ ಹೆಡೆ, ತಟ್ಟೆಗೆ ಒದಗದ ಹರಿದ ಹಾಳೆ. ಒಳ್ಳೆಯ ಹಾಳೆಗಳನ್ನು ಜಗಲಿಯ ಮೂಲೆಯಲ್ಲಿ ಕಟ್ಟು ಕಟ್ಟಿ ಇಟ್ಟಿದ್ದಾರೆ, ತಟ್ಟೆ ಒತ್ತುವವರು ಬಂದು ಒಯ್ಯುತ್ತಾರೆ. ಬಚ್ಚಲ ಕಿಟಕಿಯಲ್ಲಿ ಒಂದು ತೆಂಗಿನ ಕರಟದ ತುಂಬ ನೆನೆಹಾಕಿದ ಅಂಟುವಾಳಕಾಯಿ, ಪಕ್ಕದಲ್ಲಿ ಸೀಗೆಪುಡಿಯ ಡಬ್ಬಿ.

ಅಮೂಲ್ಯ ರೆಡ್ಡಿಯವರ ಹೆಸರು ಬಂದಾಗ ಕುಣಿಗಲ್ ತಾಲೂಕಿನ ಪುರ ಎಂಬ ಪುಟ್ಟ ಹಳ್ಳಿಯನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಇಡೀ ಊರಿಗೆ ಒಂದೇ ಗೋಬರ್ ಗ್ಯಾಸ್ ಕಟ್ಟಿ ಮನೆಮನೆಗೆ ಅಡುಗೆಗೆ ಕೊಡುವುದು ಅಲ್ಲಿನ ಮೊದಲ ಹಂಚಿಕೆ. ಅದು ಕೈಗೂಡಲಿಲ್ಲ. ಎಲ್ಲರ ಅಡುಗೆಗೂ ಸಾಲುವಷ್ಟು ಸಗಣಿಯೇ ಇರಲಿಲ್ಲ. ಊರಿನವರನ್ನು ಕೇಳಿದಾಗ ಹೆಂಗಸರು ಬಯಸಿದ್ದು ಕುಡಿಯುವ ನೀರು. 1987ರಲ್ಲಿ ಅದೇ ಗ್ಯಾಸಿನಿಂದ ಡೀಸೆಲ್ ಎಂಜಿನ್ ಓಡಿಸಿ ಕೊಳವೆಬಾವಿಯ ನೀರೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ಕೂಲಿಯೂ ಸಿಕ್ಕಿತು, ಬಗ್ಗಡವೂ ವಾಪಸು ಹೋಯಿತು. ಜನ ದಿನವೂ ಸಗಣಿ ಹೊತ್ತು ತಂದರು, ವ್ಯವಸ್ಥೆ ವರ್ಷಗಟ್ಟಲೆ ನಡೆಯಿತು. ಮನೆಗೆ ಬರುವ ಯಾವುದೇ ಹಸಿರು ಸಾಮಾನಿನ ವಿಷಯದಲ್ಲಿ ನಾನು ಮೊದಲು ಕೇಳುವುದು ಇದನ್ನೇ: ಇದನ್ನು ದಿನವೂ ಯಾರು ಕೈಯಿಟ್ಟು ನಡೆಸಬೇಕು, ಆ ಕೈಗೆ ಬೇಕಿದ್ದದ್ದು ಇದರಿಂದ ಸಿಗುತ್ತದೆಯೇ?

ಹೊತ್ತೇರಿತು. ಇಬ್ಬನಿ ಹರಿದು ತೋಟದ ಮೇಲೆ ಬಿಸಿಲಿನ ಕೋಲುಗಳು ಇಳಿಯುತ್ತಿವೆ. ಮನೆಯ ಮಾಣಿ ಪೈಪು ನೋಡಲು ಬೆಟ್ಟದ ಕಡೆ ಹೊರಟಿದ್ದಾನೆ, ನಾವೂ ಹಿಂದೆಯೇ ಹೋಗೋಣ. ದಣಪೆ ದಾಟಿ ಸೊಪ್ಪಿನ ಬೆಟ್ಟ ಹತ್ತಿದರೆ ಅಬ್ಬಿ ನೀರಿನ ಸಣ್ಣ ಒಡ್ಡು. ಹಿಂದೆ ಈ ನೀರು ಸೀಳಿದ ಅಡಿಕೆ ಮರದ ದಂಬೆಯಲ್ಲಿ ಜಗಲಿಯವರೆಗೂ ಹರಿದು ಬರುತ್ತಿತ್ತು. ಈಗ ಪಿವಿಸಿ ಪೈಪು, ಅದರ ತುದಿಯಲ್ಲಿ ತಗಡಿನ ಗೂಡೊಳಗೆ ಹಂಡೆಗಿಂತ ದೊಡ್ಡದಲ್ಲದ ಟರ್ಬೈನು, ಸದಾ ಒಂದೇ ಶ್ರುತಿಯ ಗುಂಯ್. ಸೆಕೆಂಡಿಗೆ 5 ಲೀಟರ್ ನೀರು 30 ಮೀಟರ್ ಎತ್ತರದಿಂದ ಬಂದರೆ, ತಿಕ್ಕಾಟದಲ್ಲಿ ಕಳೆದುಹೋದದ್ದು ಬಿಟ್ಟು, ಒಂದು ಕಿಲೋವ್ಯಾಟಿಗೆ ತುಸು ಕಡಿಮೆ ವಿದ್ಯುತ್ತು ಸಿಗುತ್ತದೆ. ಬ್ಯಾಟರಿ ಇಲ್ಲ; ದೀಪಕ್ಕೆ ಬೇಡದ ಹೊತ್ತಿನಲ್ಲಿ ಅದನ್ನು ನೀರು ಕಾಯಿಸುವ ಸುರುಳಿಗೆ ತಿರುಗಿಸುತ್ತಾರೆ. ಮಾಡಿನ ಮೇಲೆ ಸೋಲಾರ್ ಹಲಗೆಯೂ ಇದೆ. ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯ ಕಾಣದಾಗ ಅಬ್ಬಿ ಭೋರ್ಗರೆಯುತ್ತದೆ. ಬೇಸಿಗೆಗೆ ಅಬ್ಬಿ ಸೊರಗಿದಾಗ ಬಿಸಿಲು ಬೇಕಾದಷ್ಟು. ಒಂದರ ಬಡತನದಲ್ಲಿ ಇನ್ನೊಂದು ಕೈಹಿಡಿಯುತ್ತದೆ. ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಶುರುಮಾಡಿ, ಬಡವರು ಬ್ಯಾಂಕ್ ಸಾಲದ ಕಂತಿನಲ್ಲಿ ಸೋಲಾರ್ ದೀಪ ಕೊಳ್ಳಬಲ್ಲರೆಂದು ತೋರಿಸಿದರು. 2011ರ ಮ್ಯಾಗ್ಸೆಸೆ ಪ್ರಶಸ್ತಿ ಅವರಿಗೆ ಬಂದಾಗ ಊರಿನ ಜಗಲಿಗಳಲ್ಲಿ ಅದು ಮನೆಯ ಸುದ್ದಿಯಾಗಿಯೇ ಓಡಾಡಿತು. ರಾತ್ರಿ ಈ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರ ಬೆರಳು ನೋಡಿದರೆ ಒಳ್ಳೆಯ ಬೆಳಕಿನ ಬೆಲೆ ತಿಳಿಯುತ್ತದೆ.

ಬೆಟ್ಟ ಇಳಿದು ತೋಟಕ್ಕೆ ಬಂದರೆ ಬೆಳಗಿನ ಕತೆಯ ಮುಂದಿನ ಭಾಗ ಕಾಣುತ್ತದೆ. ಗುಮ್ಮಟದ ಆಚೆಬದಿಯ ತೊಟ್ಟಿಯಿಂದ ಕಪ್ಪುಹಸಿರು ಬಗ್ಗಡ ತುಳುಕಿ, ಸೊಪ್ಪು, ದರಕು ತುಂಬಿದ ಗುಂಡಿಗೆ ಇಳಿಯುತ್ತಿದೆ. ಬಗ್ಗಿ ಮೂಸಿ ನೋಡಿ, ಸಗಣಿಯ ನಾತ ಹೆಚ್ಚುಕಡಿಮೆ ಹೋಗಿಬಿಟ್ಟಿದೆ, ನೊಣವೂ ಇಲ್ಲ. ಸಗಣಿಯೊಳಗಿನ ಇಂಗಾಲದ ಒಂದು ಭಾಗ ಒಲೆಯಲ್ಲಿ ಉರಿಯಿತು, ಸಾರಜನಕ ಬಹುಪಾಲು ಇಲ್ಲೇ ಉಳಿಯಿತು. ಅಡಿಕೆ ಮರ ಕೇಳುವುದೂ ಅದನ್ನೇ. ಒಂದೇ ಬುಟ್ಟಿ ಸಗಣಿ ಒಲೆಗೂ ತೋಟಕ್ಕೂ ಒದಗುವ ಈ ಕಾರಣಕ್ಕೇ ಅಡಿಕೆ ಸೀಮೆಯಲ್ಲಿ ಗೋಬರ್ ಗ್ಯಾಸ್ ಇಷ್ಟು ಕಾಲ ಬಾಳಿತೆಂದು ನನ್ನ ನಂಬಿಕೆ. ಉರಿಗಾಗಿಯಷ್ಟೇ ಆಗಿದ್ದರೆ ಸಿಲಿಂಡರು ಬಂದ ದಿನವೇ ತೊಟ್ಟಿ ಒಣಗುತ್ತಿತ್ತು.

ಒಣಗಿದ ತೊಟ್ಟಿಗಳೂ ಇದೇ ಊರಿನಲ್ಲಿ ಇವೆ. ಮಕ್ಕಳು ಬೆಂಗಳೂರಿನಲ್ಲಿ, ಕೊಟ್ಟಿಗೆಯಲ್ಲಿ ಬೈಕು. ದೊಡ್ಡ ದನವೊಂದು ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕಿದರೆ, ಬೆಟ್ಟಕ್ಕೆ ಮೇಯಲು ಹೋಗುವ ಮಲೆನಾಡು ಗಿಡ್ಡದ ಸಗಣಿಯಲ್ಲಿ ಕೊಟ್ಟಿಗೆಗೆ ಸಿಗುವುದು ರಾತ್ರಿಯ ಪಾಲು ಮಾತ್ರ. ಈ ಮನೆಯಲ್ಲಿ ಈಗ ಉಳಿದದ್ದು ಮೂರು ದನ, ಒಂದು ಕರು. ತೊಟ್ಟಿ ತುಂಬುವುದಿಲ್ಲ. ಅಕ್ಕ ಅಕ್ಕಿ ತೊಳೆದ ನೀರು, ಹುಳಿಸಿದ ಅನ್ನ, ಬೇಸಿಗೆಯಲ್ಲಿ ಬಿದ್ದು ಹೋಗುವ ಹಲಸಿನ ತೊಳೆಯನ್ನೆಲ್ಲ ಸಗಣಿಯ ಜೊತೆ ಕಲೆಸಿ ಕೊಡುತ್ತಾರೆ. ಪುಣೆಯ ಆರ್ತಿ ಸಂಸ್ಥೆಯಲ್ಲಿ ಆನಂದ ಕರ್ವೆಯವರು ಅಡುಗೆಮನೆಯ ಮುಸುರೆಯಿಂದಲೇ ನಡೆಯುವ ಪುಟ್ಟ ಪ್ಲಾಂಟನ್ನು ರೂಪಿಸಿ 2006ರಲ್ಲಿ ಆಶ್ಡೆನ್ ಪ್ರಶಸ್ತಿ ಪಡೆದದ್ದು ಇದೇ ತತ್ವದ ಮೇಲೆ: ಹಿಟ್ಟು, ಸಕ್ಕರೆಯ ಅಂಶವಿರುವ ತಿನಿಸು ಸಗಣಿಗಿಂತ ಬೇಗ ಗ್ಯಾಸಾಗುತ್ತದೆ. ದನವಿಲ್ಲದ ಪೇಟೆಯ ಮನೆಗೂ ಇದು ಒದಗುವ ದಾರಿ.

ಮಧ್ಯಾಹ್ನದ ಹೊತ್ತಿಗೆ ಗೌಂಡಿ ಬಂದರು. ನಡುವಯಸ್ಸು ದಾಟಿದವರು, ಗುಮ್ಮಟ ಕಟ್ಟುವ ಕೈ ಈ ಸೀಮೆಯಲ್ಲಿ ಇನ್ನು ಕೆಲವರದು ಮಾತ್ರ. ಗುಮ್ಮಟದ ನೆತ್ತಿಯ ಕೀಲಿಯ ಸುತ್ತ ಸಾಬೂನಿನ ನೊರೆ ಹಚ್ಚಿ ಕಣ್ಣು ಕಿರಿದು ಮಾಡಿ ನೋಡಿದರು. ನೊರೆಯಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು, ಮತ್ತೊಂದು ಎದ್ದಿತು. “ಇಲ್ಲೇ ಹೋಗ್ತಾ ಉಂಟು ಅಮ್ಮ” ಎಂದರು. ಒಲೆಯಲ್ಲಿ ಉರಿಯದೆ ಹೀಗೆ ಸೋರುವ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಕಟ್ಟುವ ದಿನ ಸಹಾಯಧನ ಸಿಗುತ್ತದೆ, ಫೋಟೋ ತೆಗೆಯುತ್ತಾರೆ; ಏಳನೆಯ ವರ್ಷ ಸೋರುವ ಕೀಲಿ ಹುಡುಕುವವನ ಕೂಲಿಗೂ, ಅವನು ಇನ್ನಿಬ್ಬರು ಹುಡುಗರಿಗೆ ಈ ಕೆಲಸ ಕಲಿಸುವುದಕ್ಕೂ ಒಂದಿಷ್ಟು ದುಡ್ಡು ತೆಗೆದಿಡಬೇಕು, ಆ ಯೋಚನೆ ನಮ್ಮ ಯೋಜನೆಗಳಲ್ಲಿ ಮೊದಲು ಬರಬೇಕೆಂದು ನನ್ನ ಆಸೆ.

ಗೌಂಡಿ ಹಳೆಯ ಕೀಲಿ ಬಿಚ್ಚಿ, ದಾರಕ್ಕೆ ಮೇಣ ಸವರಿ ಹೊಸದರ ಮರೆಗೆ ಸುತ್ತಿದರು. ಪೈಪಿನ ತಗ್ಗಿನಲ್ಲಿ ನಿಂತಿದ್ದ ನೀರನ್ನೂ ಬಸಿದರು. ಅಕ್ಕ ಊಟಕ್ಕೆ ಕರೆದು, ಬಡಿಸುತ್ತಲೇ ಕೇಳಿದ್ದು ಬೇರೆಯದೇ ಪ್ರಶ್ನೆ. ಮಗ ಯುಗಾದಿಗೆ ಊರಿಗೆ ಬಂದು ಇಲ್ಲೇ ನಿಲ್ಲುವ ಮಾತಾಡಿದ್ದಾನಂತೆ, ಇನ್ನೆರಡು ದನ ಕಟ್ಟುವ ಯೋಚನೆಯಿದೆಯಂತೆ. ಹಾಗಾದರೆ ಈ ಗುಮ್ಮಟ ಸಾಕಾಗುತ್ತದೋ, ಪಕ್ಕದಲ್ಲಿ ಇನ್ನೊಂದು ಸಣ್ಣದು ಕಟ್ಟಬೇಕೋ? ಗೌಂಡಿ ಮಜ್ಜಿಗೆಯ ಲೋಟ ಕೆಳಗಿಟ್ಟು, ಮೊದಲು ಐದು ದನದ ಸಗಣಿ ಒಂದು ವಾರ ತೂಗಿ ನೋಡಿ, ಆಮೇಲೆ ಹೇಳ್ತೆ ಎಂದರು.