ಗೋಡೆಯೊಳಗಿನ ಬಿಸಿಗಾಳಿಯ ದಾರಿ

ನ್ಯೂಜೆರ್ಸಿಯ ಎಡಿಸನ್. ಒಂದಕ್ಕೊಂದು ಅಂಟಿಕೊಂಡ ಟೌನ್‌ಹೌಸ್‌ಗಳ ಸಾಲು. ಯಾವ ಮನೆಯ ಹಿತ್ತಿಲಲ್ಲೂ ಬಟ್ಟೆ ಒಣಹಾಕುವ ಹಗ್ಗವಿಲ್ಲ. ಅಮೆರಿಕದ ಎಷ್ಟೋ ಬಡಾವಣೆಗಳಲ್ಲಿ ನಿವಾಸಿಗಳ ಸಂಘವೇ ಅದನ್ನು ನಿಷೇಧಿಸಿರುತ್ತದೆ. ಬಿಸಿಲಿಗೆ ಬಟ್ಟೆ ಹರವುವ ಹಕ್ಕನ್ನು ಫ್ಲಾರಿಡಾ, ವರ್ಮಾಂಟ್, ಮೇಯ್ನ್‌ನಂಥ ರಾಜ್ಯಗಳು ಕಾನೂನು ಮಾಡಿ ಕಾಪಾಡಬೇಕಾಗಿದೆ. ಹಾಗಾಗಿ ಇಲ್ಲಿ ಮನೆ ಮನೆಗೂ ಡ್ರೈಯರ್.

ನಾನು ಹೋದದ್ದು ಹಾಸನ ಕಡೆಯ ದಂಪತಿಯ ಮನೆಗೆ. ಮಹಡಿಯ ಮೇಲೆ, ಎರಡು ಮಲಗುವ ಕೋಣೆಗಳ ನಡುವಿನ ಇಕ್ಕಟ್ಟಾದ ಕ್ಲಾಸೆಟ್ಟಿನಲ್ಲಿ ವಾಷರ್, ಅದರ ಪಕ್ಕ ಡ್ರೈಯರ್. "ಎರಡು ಸಲ ಓಡಿಸಿದ್ರೂ ಟವಲ್ಲು ಒಣಗ್ತಿಲ್ಲ ಸರ್. ಮಷೀನೇ ಹಳೇದಾಯ್ತು ಅಂದ್ಕೊಂಡಿದ್ವಿ," ಎಂದರು ಮನೆಯಾಕೆ. ಕೊಳವೆ ಸ್ವಚ್ಛ ಮಾಡುವ ಕೆಲಸಗಾರ ಆಗಲೇ ಬಂದಿದ್ದ. ಯಂತ್ರವನ್ನು ಮುಂದಕ್ಕೆಳೆದು ಅದರ ಬೆನ್ನಿಗೆ ಟಾರ್ಚ್ ಹಿಡಿದ.

ಅಲ್ಲಿ ಕಂಡದ್ದು ತೆಳು ಫಾಯಿಲ್‌ನ, ಮಡಿಕೆ ಮಡಿಕೆಯ ಕೊಳವೆ. ಯಂತ್ರವನ್ನು ಗೋಡೆಗೆ ಒತ್ತಿದಾಗ ಅದು ಅಪ್ಪಚ್ಚಿಯಾಗಿ ಅರ್ಧ ದಾರಿ ಮುಚ್ಚಿಹೋಗಿತ್ತು. ಮಡಿಕೆಗಳ ತುಂಬ ಬೂದು ಬಣ್ಣದ ಲಿಂಟ್, ಬಟ್ಟೆಯಿಂದ ಉದುರುವ ನವಿರು ನಾರು. ಡ್ರೈಯರಿನ ಜಾಲರಿ ಅದನ್ನು ಹಿಡಿಯುತ್ತದೆ, ಆದರೆ ಪೂರ್ತಿ ಅಲ್ಲ. ತಪ್ಪಿಸಿಕೊಂಡದ್ದು ಹಬೆಯ ಜೊತೆ ಕೊಳವೆಗಿಳಿದು ಎಲ್ಲಿ ಉಬ್ಬುತಗ್ಗಿದೆಯೋ ಅಲ್ಲಿ ಕೂರುತ್ತದೆ. ಗಾಳಿ ಹೊರಹೋಗದಿದ್ದರೆ ಯಂತ್ರದೊಳಗೆ ಶಾಖ ಏರುತ್ತದೆ. ಆ ಶಾಖದ ದಾರಿಯಲ್ಲೇ ಕಿಡಿ ತಾಗಿದರೆ ಭಗ್ಗನೆ ಹತ್ತುವ ಈ ನಾರು ಕೂತಿರುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತ ಸಂಸ್ಥೆ 2008ರಿಂದ 2010ರ ಅವಧಿಗೆ ಕೊಟ್ಟ ಅಂದಾಜಿನಂತೆ ವಸತಿ ಕಟ್ಟಡಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳು, 5 ಸಾವು, 100 ಮಂದಿಗೆ ಗಾಯ. ಎಲ್ಲಕ್ಕಿಂತ ದೊಡ್ಡ ಕಾರಣ ಸ್ವಚ್ಛ ಮಾಡದಿರುವುದು, ಶೇ. 34.

ಯಂತ್ರವನ್ನೂ ಗೋಡೆಯ ಕೊಳವೆಯನ್ನೂ ಜೋಡಿಸುವ ಈ ತುಂಡಿಗೆ ಕಟ್ಟಡ ಸಂಹಿತೆಯಲ್ಲಿ ಸ್ಪಷ್ಟ ನಿಯಮವಿದೆ. ಪರೀಕ್ಷೆಯಾಗಿ ಮಾನ್ಯತೆ ಪಡೆದದ್ದೇ ಆಗಬೇಕು, 8 ಅಡಿ ಮೀರಬಾರದು, ಒಂದೇ ತುಂಡಾಗಿರಬೇಕು, ಗೋಡೆಯೊಳಗೆ ಹುದುಗಿಸಲೇಬಾರದು. ಹಳೆಯ ಮನೆಗಳಲ್ಲಿ ಬಿಳಿ ಪ್ಲಾಸ್ಟಿಕ್ ಕೊಳವೆ ಇನ್ನೂ ಕಾಣಸಿಗುತ್ತದೆ. ಅದನ್ನು ಕಂಡ ದಿನವೇ ಕಿತ್ತು ಬಿಸಾಡಬೇಕು.

ಇನ್ನು ಗೋಡೆಯೊಳಗಿನ ದಾರಿ. ಏಣಿ ಹತ್ತಿ ಅಟ್ಟಕ್ಕೆ ಹೋದೆವು. ಕೊಳವೆ ಕೆಳಗಿನಿಂದ ನೆಟ್ಟಗೆ ಮೇಲೆ ಬಂದು, ಅಟ್ಟದಲ್ಲಿ ತಿರುಗಿ, ಮರದ ತೊಲೆಗಳ ಮೇಲೆ ಮಲಗಿಕೊಂಡು ಹೊರಗೋಡೆಯತ್ತ ಸಾಗುತ್ತದೆ. ಇದು ಗಟ್ಟಿ ಲೋಹದ್ದು, ಒಳಮೈ ನುಣುಪು, 4 ಅಂಗುಲ ವ್ಯಾಸ. ಅಷ್ಟರಮಟ್ಟಿಗೆ ಸರಿ. ಉದ್ದದಲ್ಲಿ ಎಡವಟ್ಟಾಗಿತ್ತು. ಅಮೆರಿಕದ ಬಹುಪಾಲು ರಾಜ್ಯಗಳು ಆಧಾರವಾಗಿಟ್ಟುಕೊಂಡ ವಸತಿ ಸಂಹಿತೆ 35 ಅಡಿಯ ಮಿತಿ ಹೇಳುತ್ತದೆ. 90 ಡಿಗ್ರಿಯ ಪ್ರತಿ ತಿರುವಿಗೂ ಅದರಲ್ಲಿ 5 ಅಡಿ ಕಳೆಯಬೇಕು, 45 ಡಿಗ್ರಿಯದಾದರೆ ಎರಡೂವರೆ ಅಡಿ. ಈ ಮನೆಯಲ್ಲಿ ಎರಡು ಪೂರ್ಣ ತಿರುವು, ಅಂದರೆ ಉಳಿಯುವುದು 25 ಅಡಿ. ಟೇಪು ಹಿಡಿದರೆ 30 ಅಡಿಯ ಆಸುಪಾಸು ಬಂತು. ಡ್ರೈಯರ್ ತಯಾರಕರ ಕೈಪಿಡಿ ಇದಕ್ಕಿಂತ ಉದ್ದಕ್ಕೆ ಒಪ್ಪಿದ್ದರೆ ನಡೆಯುತ್ತದೆ, ಆದರೆ ಈ ಮಾಡೆಲ್ಲಿನ ಕೈಪಿಡಿಯಲ್ಲಿ ಹಾಗಿರಲಿಲ್ಲ.

ಕೀಲುಗಳಲ್ಲಿ ಕೆಲಸಗಾರ ಇನ್ನೊಂದನ್ನು ತೋರಿಸಿದ: ಉದ್ದನೆಯ ಸ್ಕ್ರೂಗಳು. ಒಳಗೆ ಚಾಚಿದ ಮೊನೆಗೆ ನಾರು ಸಿಕ್ಕಿಕೊಂಡು ಗಂಟು ಬೆಳೆಯುತ್ತದೆ. ಅಂಗುಲದ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ಒಳಚಾಚಬಾರದೆಂಬ ನಿಯಮ ಇದಕ್ಕಾಗಿಯೇ ಇದೆ. ಚಳಿಗಾಲದ ತಣ್ಣನೆಯ ಅಟ್ಟದಲ್ಲಿ ಹಬೆ ನೀರಾಗಿ ಇಳಿದು ಅದೇ ಗಂಟು ಹಸಿ ಹಿಟ್ಟಿನಂತೆ ಅಂಟಿಕೊಂಡಿತ್ತು. ಕೆಲವು ಮನೆಗಳಲ್ಲಿ ಕೊಳವೆಯನ್ನು ಅಟ್ಟದಲ್ಲೇ ಬಿಟ್ಟುಬಿಟ್ಟಿರುತ್ತಾರಂತೆ. ಮರ ಕೊಳೆಯಲು, ಬೂಷ್ಟು ಹಿಡಿಯಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಡ್ರೈಯರ್ ಗ್ಯಾಸಿನದಾದರಂತೂ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಉಳಿಯಬಹುದು. ಗಾಳಿ ಕಟ್ಟಡದ ಹೊರಗೇ ಹೋಗಬೇಕು, ಬೇರೆ ಮಾತಿಲ್ಲ.

ಹೊರಗೋಡೆಯ ಬಾಯಿಯಲ್ಲಿ ಯಾರೋ ಹಕ್ಕಿ ಬಾರದಿರಲೆಂದು ತಂತಿಬಲೆ ಬಡಿದಿದ್ದರು. ಬಲೆಯ ತುಂಬ ನಾರು, ಸಂದೇ ಇಲ್ಲ. ಸಂಹಿತೆ ಇಲ್ಲಿ ಬಲೆಯನ್ನು ಒಪ್ಪುವುದಿಲ್ಲ. ಗಾಳಿ ಬಂದಾಗ ತೆರೆದು, ನಿಂತಾಗ ಮುಚ್ಚಿಕೊಳ್ಳುವ ಮುಚ್ಚಳವಷ್ಟೇ ಇರಬೇಕು. ಬಾಯಿ ಕಿಟಕಿ ಬಾಗಿಲುಗಳಿಂದ ಕನಿಷ್ಠ 3 ಅಡಿ ದೂರವಿರಬೇಕು.

ಸಂಜೆ ಹತ್ತಿರದ ಬಹುಮಹಡಿ ಕಟ್ಟಡವೊಂದನ್ನು ನೋಡಿದೆ. ಅಲ್ಲಿ ಹಲವು ಅಂತಸ್ತಿನ ಡ್ರೈಯರ್‌ಗಳಿಗೆ ಸೇರಿ ಒಂದೇ ನೇರ ಶಾಫ್ಟ್. ಬೆಂಕಿ ತಡೆಯಲು ಕೊಳವೆಯೊಳಗೆ ಮುಚ್ಚಿಕೊಳ್ಳುವ ಡ್ಯಾಂಪರ್ ಇಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಡ್ರೈಯರ್ ಕೊಳವೆಯಲ್ಲಿ ಅದು ನಿಷಿದ್ಧ, ಏಕೆಂದರೆ ಡ್ಯಾಂಪರೇ ನಾರು ಹಿಡಿಯುವ ಜಾಗವಾಗುತ್ತದೆ. ಅದಕ್ಕೆ ಬದಲು ಶಾಫ್ಟಿನ ಗೋಡೆಗಳೇ ಬೆಂಕಿ ತಾಳಬೇಕು. ಛಾವಣಿಯ ಫ್ಯಾನು ನಿಲ್ಲದೆ ತಿರುಗುತ್ತಿರಬೇಕು, ಕರೆಂಟು ಹೋದರೆ ಬದಲಿ ವಿದ್ಯುತ್ತು ಇರಬೇಕು, ಬುಡದಲ್ಲಿ ಸ್ವಚ್ಛತೆಗೆಂದು 12 ಅಂಗುಲ ಚದರದ ಬಾಗಿಲಿರಬೇಕು. ಆ ಬಾಗಿಲ ಮುಂದೆ ಹಳೆಯ ಪೀಠೋಪಕರಣ ಪೇರಿಸಿದ್ದು ನೋಡಿ ಕಳವಳವಾಯಿತು. ಕೆಳಗಿನ ಮನೆಯವರ ನಿರ್ಲಕ್ಷ್ಯ ಮೇಲಿನ ಮನೆಯ ಮಗುವಿಗೆ ಮುಟ್ಟುವ ಕಟ್ಟಡ ಅದು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಈಗೀಗ ಡ್ರೈಯರ್ ಬರುತ್ತಿದೆ. ಹೊರದಾರಿ ಮಾಡಲಾಗದ ಕಡೆ ನೀರನ್ನು ತಟ್ಟೆಗೋ ಚರಂಡಿಗೋ ಇಳಿಸುವ ಕಂಡೆನ್ಸರ್ ಅಥವಾ ಹೀಟ್ ಪಂಪ್ ಮಾದರಿ ಕೊಳ್ಳಿ. ಕೊಳವೆಯ ಮಾದರಿಯನ್ನು ತಂದು ಅದರ ಬಾಯನ್ನು ಪ್ಲಂಬಿಂಗ್ ಶಾಫ್ಟಿಗೆ ತೂರಿಸಬೇಡಿ.

ಅಮೆರಿಕದಲ್ಲಿರುವ ನಮ್ಮವರು ಮನೆ ಕೊಳ್ಳುವಾಗ ಅಡುಗೆಮನೆ ನೋಡುವಷ್ಟೇ ಶ್ರದ್ಧೆಯಿಂದ ಡ್ರೈಯರ್ ಕೊಳವೆ ಎಲ್ಲಿ ಹೋಗಿ ಎಲ್ಲಿ ಹೊರಬರುತ್ತದೆಂದು ಕೇಳಿ. ಪ್ರತಿ ಸಲವೂ ಜಾಲರಿ ತೆಗೆದು ನಾರು ಒರೆಸಿ, ವರ್ಷಕ್ಕೊಮ್ಮೆಯಾದರೂ ಕೊಳವೆ ಸ್ವಚ್ಛ ಮಾಡಿಸಿ. ಇವತ್ತೇ ಡ್ರೈಯರ್ ಓಡುತ್ತಿರುವಾಗ ಹೊರಗೆ ಹೋಗಿ ಗೋಡೆಯ ಮುಚ್ಚಳ ನೋಡಿ. ಅದು ತೆರೆದಿರದಿದ್ದರೆ ಯಂತ್ರ ನಿಲ್ಲಿಸಿ, ಕೊಳವೆ ಸರಿಯಾಗುವವರೆಗೆ ಮತ್ತೆ ಹಚ್ಚಬೇಡಿ.